ಹನ್ನೆರಡು ವರ್ಷ ಶುಶ್ರೂಷಕಿಯಾಗಿದ್ದೇನೆ, ಈಗ ಅಕ್ಯುಪಂಕ್ಚರ್ ಕಲಿಯಲು ಹೊರಡಬಹುದೇ?

ಪ್ರಶ್ನೆ: ಕ್ಯಾನ್ಸರ್ ವಾರ್ಡಿನ ಶುಶ್ರೂಷಕಿ

ಎಲ್ಲರಿಗೂ ನಮಸ್ಕಾರ. ನನಗೀಗ 36 ವರ್ಷ. ಹನ್ನೆರಡು ವರ್ಷಗಳಿಂದ ಕ್ಯಾನ್ಸರ್ ವಾರ್ಡಿನಲ್ಲಿ ಶುಶ್ರೂಷಕಿಯಾಗಿದ್ದೇನೆ. ಕೀಮೋಥೆರಪಿಯ ಔಷಧಿ ಹನಿಹನಿಯಾಗಿ ಇಳಿಯುವಾಗ ರೋಗಿಯ ಪಕ್ಕದಲ್ಲಿ ನಿಂತು ಬೇಸಿನ್ ಹಿಡಿಯುವುದು, ಬೆನ್ನು ಸವರುವುದು, ಹನಿಯ ವೇಗ ನೋಡುವುದು, ಇದೇ ನನ್ನ ದಿನ. ನಾನು ಕೆಲಸಕ್ಕೆ ಸೇರಿದ ಕಾಲಕ್ಕೆ ಹೋಲಿಸಿದರೆ ವಾಂತಿ ತಡೆಯುವ ಔಷಧಿಗಳು ಬಹಳ ಸುಧಾರಿಸಿವೆ. ವಾಂತಿ ನಿಲ್ಲುತ್ತದೆ, ಆದರೆ ಹಲವರಿಗೆ ವಾಕರಿಕೆ ಮಾತ್ರ ಗಂಟಲಲ್ಲೇ ಕುಳಿತಿರುತ್ತದೆ.

ಎರಡು ವರ್ಷಗಳ ಹಿಂದೆ ನಮ್ಮ ವಾರ್ಡಿಗೆ ವಾರಕ್ಕೆರಡು ದಿನ ಅಕ್ಯುಪಂಕ್ಚರ್ ತಜ್ಞೆಯೊಬ್ಬರು ಬರತೊಡಗಿದರು. ಮೊದಲ ದಿನ ಅವರು ನೋಡಿದ ಹೆಂಗಸು ಬೆಳಗಿನಿಂದ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು, ಕಣ್ಣನ್ನೂ ತೆರೆದಿರಲಿಲ್ಲ. ತಜ್ಞೆ ಅವರ ಮಣಿಕಟ್ಟನ್ನು ತಿರುಗಿಸಿ, ಒಳಮೈಯಲ್ಲಿ ಎರಡು ಸ್ನಾಯುರಜ್ಜುಗಳ ನಡುವೆ ಬೆರಳಿನಿಂದ ಒತ್ತಿ ನೋಡಿ, ಒಂದು ಸೂಜಿ ಇಟ್ಟರು. ಇನ್ನೊಂದು ಕೈಗೂ ಹಾಗೆಯೇ. ಇಪ್ಪತ್ತು ನಿಮಿಷಗಳಾದ ಮೇಲೆ ಆ ಹೆಂಗಸು ನನ್ನನ್ನು ಕರೆದು "ಆ ಪರದೆ ಸ್ವಲ್ಪ ಸರಿಸಿ, ಹೊರಗೆ ನೋಡಬೇಕು" ಎಂದರು. ಒಬ್ಬರಿಗೆ ಆದದ್ದು ಪುರಾವೆಯಲ್ಲ ಎಂದು ನನಗೆ ಗೊತ್ತು. ಆದರೆ ಆ ದಿನದಿಂದ ಈ ವಿದ್ಯೆ ನನ್ನ ತಲೆಯಿಂದ ಹೋಗಿಲ್ಲ.

ಕಲಿಯಬೇಕು, ಸರಿಯಾಗಿ ಕಲಿಯಬೇಕು. ನನ್ನ ಪ್ರಶ್ನೆಗಳಿಷ್ಟು: ಈ ವಯಸ್ಸಿನಲ್ಲಿ ಆರಂಭಿಸಬಹುದೇ? ವಾರಾಂತ್ಯದಲ್ಲಿ ಕಲಿಸಿ ಪ್ರಮಾಣಪತ್ರ ಕೊಡುವ ಕೋರ್ಸುಗಳು ಸಾಕೇ? "ಚೀ" ಎಂಬ ಪ್ರಾಣಶಕ್ತಿಯನ್ನು, ಅದು ಹರಿಯುವ ಮಾರ್ಗಗಳನ್ನು ನಾನು ನಂಬಲೇಬೇಕೇ? ಕೊನೆಯದಾಗಿ, ಆಸ್ಪತ್ರೆಯ ವೈದ್ಯರು ಮತ್ತು ಈ ಪದ್ಧತಿ ಒಟ್ಟಿಗೆ ನಡೆಯುವುದು ದಿನನಿತ್ಯದ ಕೆಲಸದಲ್ಲಿ ನಿಜವಾಗಿಯೂ ಹೇಗಿರುತ್ತದೆ?

ಉತ್ತರ 1: ಅರಿವಳಿಕೆ ತಜ್ಞ

ನಾನು ಅಕ್ಯುಪಂಕ್ಚರ್ ಮಾಡುವವನಲ್ಲ, ಆದರೆ ಶಸ್ತ್ರಚಿಕಿತ್ಸೆಯ ನಂತರದ ವಾಕರಿಕೆ ನನ್ನ ದಿನದ ಕೆಲಸ. ನೀವು ಕಂಡ ಆ ಮಣಿಕಟ್ಟಿನ ಬಿಂದುವಿಗೆ ನೇಗ್ವಾನ್ ಎಂದು ಹೆಸರು. ಅರಿವಳಿಕೆಯ ಕ್ಷೇತ್ರದಲ್ಲಿ ಅದರ ಮೇಲೆ ಸಾಕಷ್ಟು ಪ್ರಯೋಗಗಳು ನಡೆದಿವೆ. 1997ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆಯೂ ಶಸ್ತ್ರಚಿಕಿತ್ಸೆ ಮತ್ತು ಕೀಮೋಥೆರಪಿಯ ನಂತರದ ವಾಕರಿಕೆ, ವಾಂತಿಗೆ ಪರಿಣಾಮವಿದೆ ಎಂದು ಒಪ್ಪಿತ್ತು. ಹಾಗಾಗಿ ನೀವು ಕಂಡದ್ದನ್ನು ತಳ್ಳಿಹಾಕಲಾರೆ.

ಆದರೆ ಇನ್ನೊಂದು ಸಂಗತಿಯನ್ನೂ ತಿಳಿದುಕೊಂಡೇ ಹೊರಡಿ. 2007ರಲ್ಲಿ ಪ್ರಕಟವಾದ ಜರ್ಮನಿಯ ದೊಡ್ಡ ಅಧ್ಯಯನದಲ್ಲಿ ದೀರ್ಘಕಾಲದ ಬೆನ್ನುನೋವಿನ 1,162 ರೋಗಿಗಳಿದ್ದರು. ಆರು ತಿಂಗಳ ನಂತರ ನೋಡಿದಾಗ ಅಕ್ಯುಪಂಕ್ಚರ್ ಪಡೆದವರಲ್ಲಿ ಶೇಕಡ 47.6 ಜನರಿಗೆ ಗುಣ ಕಂಡಿತ್ತು. ಬಿಂದುಗಳಲ್ಲದ ಜಾಗದಲ್ಲಿ, ಆಳಕ್ಕಿಳಿಸದೆ ಸೂಜಿ ಚುಚ್ಚಿಸಿಕೊಂಡವರಲ್ಲಿ ಶೇಕಡ 44.2. ಔಷಧಿ, ವ್ಯಾಯಾಮಗಳ ರೂಢಿಯ ಚಿಕಿತ್ಸೆ ಪಡೆದವರಲ್ಲಿ ಶೇಕಡ 27.4. ಸೂಜಿ ಚಿಕಿತ್ಸೆ ರೂಢಿಯ ಚಿಕಿತ್ಸೆಗಿಂತ ಬಹಳ ಮುಂದಿದೆ, ಆದರೆ ಬಿಂದು ತಪ್ಪಿದ ಸೂಜಿಗಿಂತ ಹೆಚ್ಚೇನೂ ಮುಂದಿಲ್ಲ. ಈ ಮೂರು ಅಂಕಿಗಳನ್ನು ಒಟ್ಟಿಗೆ ಹೇಳುವವರು ವಿರಳ. ಪರವಾಗಿ ಮಾತನಾಡುವವರು ಮೊದಲನೆಯದನ್ನೂ ಮೂರನೆಯದನ್ನೂ ಹೇಳುತ್ತಾರೆ, ವಿರೋಧಿಸುವವರು ಮೊದಲಿನ ಎರಡನ್ನು ಮಾತ್ರ. ನೀವು ಮೂರನ್ನೂ ಹೇಳುವ ಚಿಕಿತ್ಸಕಿಯಾಗುವುದಾದರೆ ನನ್ನ ರೋಗಿಗಳನ್ನು ನಿಮ್ಮ ಬಳಿಗೆ ಸಂತೋಷದಿಂದ ಕಳುಹಿಸುತ್ತೇನೆ.

ಉತ್ತರ 2: ಅಕ್ಯುಪಂಕ್ಚರ್ ಚಿಕಿತ್ಸಕಿ, 19 ವರ್ಷಗಳ ಅನುಭವ

ನಿಮ್ಮ ಪ್ರಶ್ನೆ ಓದಿ ನನ್ನ ಹಳೆಯ ದಿನಗಳು ನೆನಪಾದವು. ನಾನು ಮೊದಲು ಫಿಸಿಯೋಥೆರಪಿಸ್ಟ್ ಆಗಿದ್ದವಳು, 34ನೆಯ ವಯಸ್ಸಿನಲ್ಲಿ ಮತ್ತೆ ವಿದ್ಯಾರ್ಥಿನಿಯಾದೆ. ನನ್ನ ತರಗತಿಯಲ್ಲಿ ನನಗಿಂತ ಹಿರಿಯರು ನಾಲ್ವರಿದ್ದರು. ವಯಸ್ಸಿನ ವಿಚಾರ ಇಲ್ಲಿಗೆ ಬಿಡಿ.

ವಾರಾಂತ್ಯದ ಕೋರ್ಸಿನ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯವಿದೆ. ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಹೊರತಂದ ಮಾರ್ಗಸೂಚಿಯು ವೈದ್ಯರಲ್ಲದವರ ಪೂರ್ಣ ತರಬೇತಿಗೆ 2,500 ಗಂಟೆಗಳನ್ನು ಸೂಚಿಸಿತ್ತು. ಅದರಲ್ಲಿ ಕನಿಷ್ಠ 1,000 ಗಂಟೆ ಪ್ರಾಯೋಗಿಕ ಕಲಿಕೆ ಮತ್ತು ರೋಗಿಗಳ ನಡುವಿನ ಕಲಿಕೆ. ವೈದ್ಯ ಪದವೀಧರರಿಗೂ ಪೂರ್ಣ ತರಬೇತಿ 1,500 ಗಂಟೆ. ತಮ್ಮ ಈಗಿನ ವೃತ್ತಿಯೊಳಗೆ ಒಂದು ಸಾಧನವಾಗಿ ಮಾತ್ರ ಬಳಸುವ ವೈದ್ಯರಿಗೆ ಕನಿಷ್ಠ 200. ಎರಡು ವಾರಾಂತ್ಯಗಳನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ. ಯಾರು, ಎಷ್ಟು ಕಲಿತು, ಯಾವ ಪರವಾನಗಿಯೊಂದಿಗೆ ಸೂಜಿ ಹಿಡಿಯಬಹುದು ಎಂಬುದು ದೇಶದಿಂದ ದೇಶಕ್ಕೆ ಬೇರೆ. ಶುಲ್ಕ ಕಟ್ಟುವ ಮುನ್ನ ಶಾಲೆಯನ್ನು ಕೇಳಬೇಡಿ, ಪರವಾನಗಿ ಕೊಡುವ ಮಂಡಳಿಯನ್ನೇ ಕೇಳಿ. ನನ್ನ ಸ್ನೇಹಿತೆಯೊಬ್ಬಳು ಒಂದು ಶಾಲೆಯ ಮಾತು ನಂಬಿ ಎರಡು ವರ್ಷ ಓದಿದಳು. ಆ ಪ್ರಮಾಣಪತ್ರಕ್ಕೆ ಮಾನ್ಯತೆ ಇಲ್ಲವೆಂದು ಅರ್ಜಿ ಹಾಕಿದಾಗಲೇ ತಿಳಿದದ್ದು. ಅವಳು ಮೊದಲಿನಿಂದ ಓದಬೇಕಾಯಿತು.

ಆ ಗಂಟೆಗಳಲ್ಲಿ ಏನಿರುತ್ತದೆ? 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಿಗದಿಪಡಿಸಿದ ಪಟ್ಟಿಯಲ್ಲಿ 361 ಬಿಂದುಗಳಿವೆ. ಅವುಗಳನ್ನು ಬಾಯಿಪಾಠ ಮಾಡುವುದು ಸುಲಭದ ಭಾಗ. ಬಿಂದುವನ್ನು ಅಳೆಯುವುದು "ಚುನ್" ಎಂಬ ಮಾನದಿಂದ, ಅಂದರೆ ಆ ರೋಗಿಯದೇ ಹೆಬ್ಬೆರಳಿನ ಅಗಲ. ನಾಲ್ಕು ಬೆರಳು ಜೋಡಿಸಿದರೆ ಮೂರು ಚುನ್. ನನ್ನ ಹೆಬ್ಬೆರಳಲ್ಲ, ರೋಗಿಯದು. ಎತ್ತರದ ಮನುಷ್ಯನಿಗೂ ಪುಟ್ಟ ಹುಡುಗಿಗೂ ಬಿಂದು ಒಂದೇ, ದೂರ ಬೇರೆ. ಈ ಸಣ್ಣ ನಿಯಮ ನನಗೆ ಮೊದಲ ವಾರದಲ್ಲೇ ಬಹಳ ಹಿಡಿಸಿತು, ಇವತ್ತಿಗೂ ಹಿಡಿಸುತ್ತದೆ.

ಬೆರಳಿನ ತರಬೇತಿ ನಿಧಾನವಾದದ್ದು. ಮಡಿಸಿದ ಕಾಗದದ ಕಟ್ಟಿಗೆ, ಬಿಗಿಯಾಗಿ ಸುತ್ತಿದ ಹತ್ತಿಯ ಉಂಡೆಗೆ ಚುಚ್ಚಿ ಚುಚ್ಚಿ ಅಭ್ಯಾಸ ಮಾಡಿದೆವು. ಸಾಮಾನ್ಯವಾಗಿ ಬಳಸುವ ಸೂಜಿಯ ದಪ್ಪ ಕಾಲು ಮಿಲಿಮೀಟರ್, ನೇರವಾಗಿ ಒತ್ತದಿದ್ದರೆ ಬಾಗುತ್ತದೆ. ಹಲವು ಚಿಕಿತ್ಸಕರು ಒಂದು ಪುಟ್ಟ ಕೊಳವೆಯೊಳಗೆ ಸೂಜಿಯಿಟ್ಟು ತಟ್ಟುತ್ತಾರೆ. ಆ ಕೊಳವೆಯ ವಿಧಾನವನ್ನು ಬಳಕೆಗೆ ತಂದವರು ಹದಿನೇಳನೆಯ ಶತಮಾನದ ಜಪಾನಿನ ಸುಗಿಯಾಮ ವಾಯಿಚಿ, ಅವರು ಅಂಧರಾಗಿದ್ದರು. ಇದನ್ನು ಓದಿದ ಮೇಲೆ ನಾನು ಬಿಂದು ಹುಡುಕುವಾಗ ಕಣ್ಣು ಮುಚ್ಚುವುದನ್ನು ರೂಢಿಸಿಕೊಂಡೆ. ಚರ್ಮದ ಕೆಳಗೆ ಒಂದು ಸಣ್ಣ ತಗ್ಗು ಇರುತ್ತದೆ, ಬೆರಳು ತಾನಾಗಿ ಅಲ್ಲಿ ನಿಲ್ಲುತ್ತದೆ.

ಮೊದಲು ಚುಚ್ಚಿಕೊಂಡದ್ದು ನನ್ನ ಕಾಲಿಗೇ. ಝುಸಾನ್‌ಲಿ ಎಂಬ ಬಿಂದು: ಮಂಡಿಚಿಪ್ಪಿನ ಕೆಳಗೆ ಹೊರಮಗ್ಗುಲಿನ ಕುಳಿಯಿಂದ ನಾಲ್ಕು ಬೆರಳು ಕೆಳಗೆ, ಕಣಕಾಲಿನ ಮೂಳೆಯ ಏಣಿನಿಂದ ಒಂದು ಬೆರಳು ಹೊರಗೆ. ಚರ್ಮ ದಾಟುವಾಗ ಒಂದು ಚುಟುಕು, ಆಮೇಲೆ ಏನೂ ಇಲ್ಲ. ಇನ್ನೂ ಸ್ವಲ್ಪ ಇಳಿಸಿ ನಿಧಾನವಾಗಿ ತಿರುಗಿಸಿದಾಗ ಒಳಗಿನಿಂದ ಯಾರೋ ಸೂಜಿಯನ್ನು ಹಿಡಿದುಕೊಂಡ ಹಾಗಾಯಿತು. ಭಾರ, ಜೋಮು, ಮಂದವಾದ ಒಂದು ನೋವು ಪಾದದ ಕಡೆಗೆ ಇಳಿಯಿತು. ಚೀನೀ ಭಾಷೆಯಲ್ಲಿ ಇದನ್ನು "ದ ಚೀ", ಅಂದರೆ ಚೀ ಬಂತು ಎನ್ನುತ್ತಾರೆ. ಸೂಜಿ ತಿರುಗಿಸಿದಾಗ ಸುತ್ತಲಿನ ಸಂಯೋಜಕ ಅಂಗಾಂಶದ ಎಳೆಗಳು ಅದಕ್ಕೆ ಸುತ್ತಿಕೊಳ್ಳುವುದನ್ನು ಈಚಿನ ಸಂಶೋಧಕರು ಸೂಕ್ಷ್ಮದರ್ಶಕದಲ್ಲಿ ತೋರಿಸಿದ್ದಾರೆ.

ಇಲ್ಲಿಯೇ ನಿಮ್ಮ ಮೂರನೆಯ ಪ್ರಶ್ನೆಗೂ ಉತ್ತರವಿದೆ. ನಂಬಬೇಕೇ ಎಂದು ಕೇಳಿದಿರಿ. ಚೀ ಮತ್ತು ಅದರ ಮಾರ್ಗಗಳು ಎರಡು ಸಾವಿರ ವರ್ಷಗಳ ಹಿಂದಿನ ವೈದ್ಯರು ತಮ್ಮ ಕೈಗೆ ಸಿಕ್ಕದ್ದನ್ನು, ರೋಗಿ ಹೇಳಿದ್ದನ್ನು ಜೋಡಿಸಿ ಕಟ್ಟಿದ ಭಾಷೆ. "ಹ್ವಾಂಗ್‌ಡಿ ನೇಯ್‌ಜಿಂಗ್" ಎಂಬ ಪ್ರಾಚೀನ ಗ್ರಂಥ ಆ ಭಾಷೆಯಲ್ಲಿದೆ. ಆ ಭಾಷೆ ಗೊತ್ತಿಲ್ಲದಿದ್ದರೆ ಯಾವ ಬಿಂದುವನ್ನು ಯಾವುದರ ಜೊತೆ ಏಕೆ ಆರಿಸುತ್ತಾರೆ ಎಂಬುದೇ ಅರ್ಥವಾಗುವುದಿಲ್ಲ. ನರಗಳು, ನೋವು ತಗ್ಗಿಸಲು ದೇಹವೇ ತಯಾರಿಸುವ ಎಂಡಾರ್ಫಿನ್, ಬೆನ್ನುಹುರಿಯ ಪ್ರತಿಕ್ರಿಯೆಗಳದು ಇನ್ನೊಂದು ಭಾಷೆ. 1977ರಲ್ಲೇ, ಎಂಡಾರ್ಫಿನ್‌ನ ಕೆಲಸವನ್ನು ತಡೆಯುವ ನಲಾಕ್ಸೋನ್ ಎಂಬ ಔಷಧಿ ಕೊಟ್ಟರೆ ಸೂಜಿಯಿಂದ ಬಂದ ನೋವುಶಮನ ಇಳಿಯುತ್ತದೆ ಎಂದು ಮನುಷ್ಯರ ಮೇಲಿನ ಪ್ರಯೋಗವೊಂದು ವರದಿ ಮಾಡಿತ್ತು. ನೀವು ಎರಡನ್ನೂ ಕಲಿಯಬೇಕು, ಒಂದರ ಮಾತನ್ನು ಇನ್ನೊಂದರ ಬಾಯಲ್ಲಿ ಹೇಳಿಸಬಾರದು. ಮಾರ್ಗಗಳು ಅಂಗರಚನೆಯಲ್ಲಿ ಕಾಣುವ ಕೊಳವೆಗಳು ಎಂದು ನಾನು ರೋಗಿಗೆ ಎಂದೂ ಹೇಳಿಲ್ಲ. ಮೇಲಿನ ವೈದ್ಯರು ಬರೆದ ಮೂರು ಅಂಕಿಗಳನ್ನು ನಾನು ಬೆನ್ನುನೋವಿನ ಪ್ರತಿ ಹೊಸ ರೋಗಿಗೂ ಹೇಳುತ್ತೇನೆ. ಅದನ್ನು ಕೇಳಿ ಎದ್ದು ಹೋದವರು ನನಗೆ ನೆನಪಿರುವಂತೆ ಇಬ್ಬರೇ.

ಈಗ ನಾನು ಬರೆಯಲೇಬೇಕೆಂದಿದ್ದ ಮಾತು. ಈ ವೃತ್ತಿಯಲ್ಲಿ ಸೂಜಿ ಇಡಲು ಕಲಿಯುವುದಕ್ಕಿಂತ ಸೂಜಿ ಇಡದಿರಲು ಕಲಿಯುವುದೇ ಹೆಚ್ಚು ಕಾಲ ಹಿಡಿಯುತ್ತದೆ.

ಏಳನೆಯ ವರ್ಷದಲ್ಲಿ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಬೆನ್ನುನೋವೆಂದು ಬಂದರು. ನಾಲ್ಕು ತಿಂಗಳಿನ ನೋವು, ಎರಡು ದಿನದಿಂದ ಹೆಚ್ಚಾಗಿತ್ತು. ಮಲಗಿಸಿ ಸೂಜಿ ಇಡಲು ಎಲ್ಲ ಸಿದ್ಧವಾಗಿತ್ತು. ರೂಢಿಯ ಪ್ರಶ್ನೆಗಳನ್ನು ಕೇಳುತ್ತಾ ಹೋದೆ. "ಮೂತ್ರಕ್ಕೆ ಹೋಗುವುದರಲ್ಲಿ ವ್ಯತ್ಯಾಸವೇನಾದರೂ?" ಅವರು ಸಂಕೋಚದಿಂದ ನೆಲ ನೋಡಿದರು. ಆಮೇಲೆ, "ಕುಳಿತಲ್ಲಿ ಮೈಯೇ ಇಲ್ಲದ ಹಾಗಿದೆ ಅಮ್ಮ, ನಿನ್ನೆ ರಾತ್ರಿ ಹಾಸಿಗೆ ಒದ್ದೆಯಾದದ್ದೂ ತಿಳಿಯಲಿಲ್ಲ" ಎಂದರು. ಬೆನ್ನುಹುರಿಯ ತುದಿಯಲ್ಲಿ ಕುದುರೆಬಾಲದಂತೆ ಇಳಿಬಿದ್ದ ನರಗಳ ಗೊಂಚಲು ಒತ್ತಿಹೋದಾಗ ಹೀಗಾಗುತ್ತದೆ. ತಡ ಮಾಡಿದರೆ ಕಾಲಿನ ಶಕ್ತಿಯೂ ಮೂತ್ರದ ಹಿಡಿತವೂ ಮರಳಿ ಬಾರದೆ ಹೋಗಬಹುದು. ಸೂಜಿಯ ಪೊಟ್ಟಣ ಒಡೆಯದೆ ಹಾಗೆಯೇ ಇಟ್ಟು, ಕಂಡದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಅವರ ಜೊತೆಯಲ್ಲೇ ತುರ್ತು ಚಿಕಿತ್ಸಾ ಘಟಕಕ್ಕೆ ಹೋದೆ. ಅದೇ ರಾತ್ರಿ ಶಸ್ತ್ರಚಿಕಿತ್ಸೆಯಾಯಿತು. ಮೂರು ತಿಂಗಳ ನಂತರ ಅವರು ನಡೆದುಕೊಂಡೇ ನನ್ನ ಕೋಣೆಗೆ ಬಂದರು. ಆ ಪ್ರಶ್ನೆಯನ್ನು ನಾನು ಕೇಳದೆ ಇದ್ದಿದ್ದರೆ ಎಂಬ ಯೋಚನೆ ಇವತ್ತಿಗೂ ಕೆಲವು ರಾತ್ರಿ ಬರುತ್ತದೆ.

ಎರಡು ಪದ್ಧತಿಗಳು ಒಟ್ಟಿಗೆ ನಡೆಯುವುದು ಹೇಗಿರುತ್ತದೆ ಎಂದು ಕೇಳಿದಿರಿ. ಬಹುಮಟ್ಟಿಗೆ ಆ ಒಂದು ಹಾಳೆಯ ಹಾಗಿರುತ್ತದೆ. ಒಂದೇ ಕೋಣೆಯಲ್ಲಿ ಮೂರು ಬಗೆಯ ಚಿಕಿತ್ಸೆ ಮಾರುವುದನ್ನು ನಾನು ಸಮನ್ವಯ ಚಿಕಿತ್ಸೆ ಎಂದು ಕರೆಯುವುದಿಲ್ಲ. ರೋಗಿಯ ವೈದ್ಯರಿಗೆ ಅರ್ಥವಾಗುವ ಮಾತಿನಲ್ಲಿ ಹತ್ತು ಸಾಲು ಬರೆಯಲು ಬರಬೇಕು: ಏನು ಕಂಡೆ, ಏನು ಮಾಡಿದೆ, ಎಷ್ಟು ಸಲ, ಏನು ಬದಲಾಯಿತು, ಏನು ಬದಲಾಗಲಿಲ್ಲ. ಮೊದಲ ಎರಡು ವರ್ಷ ನನ್ನ ಪತ್ರಗಳಿಗೆ ಉತ್ತರವೇ ಬರುತ್ತಿರಲಿಲ್ಲ. ಬರೆಯುವುದನ್ನು ನಾನು ಬಿಡಲಿಲ್ಲ. ಮೂರನೆಯ ವರ್ಷದಲ್ಲಿ ಮೂಳೆ ತಜ್ಞರೊಬ್ಬರು ದೂರವಾಣಿ ಮಾಡಿ, "ಗುಣವಾಗಲಿಲ್ಲ ಎಂದು ಬರೆಯುತ್ತೀರಲ್ಲ, ಅದಕ್ಕೇ ನಿಮ್ಮನ್ನು ನಂಬುತ್ತೇನೆ" ಎಂದರು.

ಸುರಕ್ಷತೆಯ ಬಗ್ಗೆ. ಜರ್ಮನಿಯಲ್ಲಿ 2,29,230 ರೋಗಿಗಳನ್ನು ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇಕಡ 8.6 ಜನರು ಕನಿಷ್ಠ ಒಂದು ಅಡ್ಡ ಪರಿಣಾಮ ಹೇಳಿದ್ದರು, ಹೆಚ್ಚಿನವು ಸಣ್ಣ ರಕ್ತಸ್ರಾವ, ನೋವು. ಆದರೆ ಇಬ್ಬರಿಗೆ ಶ್ವಾಸಕೋಶದ ಪೊರೆಯೊಳಗೆ ಗಾಳಿ ನುಗ್ಗಿತ್ತು. ಹೆಗಲಿನ ಮೇಲಿರುವ ಜಿಯಾನ್‌ಜಿಂಗ್ ಬಿಂದುವಿನ ಕೆಳಗೇ ಶ್ವಾಸಕೋಶದ ತುದಿಯಿದೆ. ಆ ಬಿಂದುವಿಗೆ ನಾನು ಸ್ನಾಯುವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿಯದೆ ಸೂಜಿ ಇಡುವುದಿಲ್ಲ. ಇನ್ನೊಂದು, ಸೂಜಿಗಳನ್ನು ಎಣಿಸಿ ಇಡಿ, ಎಣಿಸಿ ತೆಗೆಯಿರಿ, ಎರಡೂ ಸಲ ಬರೆದಿಡಿ. ನನ್ನ ಮೊದಲ ವರ್ಷದಲ್ಲಿ ಒಬ್ಬರು ಕೂದಲಿನ ನಡುವೆ ಉಳಿದ ಒಂದು ಸೂಜಿಯೊಂದಿಗೆ ಮನೆಗೆ ಹೋಗಿದ್ದರು. ಅವರಿಗೆ ತೊಂದರೆಯಾಗಲಿಲ್ಲ, ಆದರೆ ಕ್ಷಮೆ ಕೇಳಲು ಅವರ ಮನೆಗೆ ನಡೆದ ದಾರಿ ನನಗೆ ಚೆನ್ನಾಗಿ ನೆನಪಿದೆ.

ಉತ್ತರ 3: ಮೂರನೆಯ ವರ್ಷದ ವಿದ್ಯಾರ್ಥಿ

ಅಕ್ಕ, ನಾನು ಇದೇ ದಾರಿಯ ಮಧ್ಯದಲ್ಲಿದ್ದೇನೆ, ಅದಕ್ಕಾಗಿ ಬರೆಯುತ್ತಿದ್ದೇನೆ. ಮೊದಲ ವರ್ಷ ಅಂಗರಚನೆ ಮತ್ತು ಬಿಂದುಗಳು. ಎರಡನೆಯ ವರ್ಷದಲ್ಲಿ ನಾಡಿ ನೋಡುವುದು ಬಂತು, ಮಣಿಕಟ್ಟಿನಲ್ಲಿ ಮೂರು ಬೆರಳಿಟ್ಟು ಮೂರು ಸ್ಥಾನ, ಮೇಲ್ಮೈಯಲ್ಲೂ ಆಳದಲ್ಲೂ. ನಾನು ಆರು ತಿಂಗಳು ಏನೂ ಅರ್ಥವಾಗದೆ ಬೆರಳಿಟ್ಟಿದ್ದೆ. ಇಬ್ಬರು ಗುರುಗಳು ಒಂದೇ ನಾಡಿಗೆ ಬೇರೆ ಬೇರೆ ಹೆಸರು ಹೇಳಿದ ದಿನ ಬಹಳ ಗೊಂದಲವಾಯಿತು. ಅದಾದ ಮೇಲೆ ನಾಡಿಯೊಂದನ್ನೇ ನೆಚ್ಚಿಕೊಳ್ಳದೆ, ನಾಲಿಗೆ, ನಿದ್ರೆ, ಬೆವರು, ನೋವಿನ ಸಮಯ ಎಲ್ಲವನ್ನೂ ಕೇಳಿ ಬರೆದುಕೊಳ್ಳುತ್ತೇನೆ.

ಸಾವಿರ ವರ್ಷಗಳ ಹಿಂದೆ ಚೀನಾದಲ್ಲಿ, 1027ರ ಸುಮಾರಿಗೆ, ವಾಂಗ್ ವೇಯ್‌ಯಿ ಎಂಬ ವೈದ್ಯರು ಮನುಷ್ಯನ ಅಳತೆಯ ಕಂಚಿನ ಪ್ರತಿಮೆ ಮಾಡಿಸಿ ಬಿಂದುಗಳಲ್ಲಿ ರಂಧ್ರ ಕೊರೆಸಿದ್ದರು. ಪರೀಕ್ಷೆಯ ದಿನ ಮೇಲೆ ಮೇಣ ಬಳಿದು, ಒಳಗೆ ದ್ರವ ತುಂಬಿಸುತ್ತಿದ್ದರಂತೆ. ಸೂಜಿ ಸರಿಯಾದ ಜಾಗಕ್ಕೆ ಬಿದ್ದರೆ ದ್ರವ ಹೊರಬರುತ್ತಿತ್ತು ಎಂದು ಹೇಳುತ್ತಾರೆ. ನಮಗೆ ಪ್ರತಿಮೆ ಇಲ್ಲ, ಸಹಪಾಠಿಗಳೇ ಇದ್ದಾರೆ. ನಾವು ಪರಸ್ಪರ ಚುಚ್ಚಿಕೊಳ್ಳುತ್ತೇವೆ. ಕಳೆದ ತಿಂಗಳು ನನ್ನ ಸಹಪಾಠಿ ಕುಳಿತಲ್ಲೇ ಬಿಳಿಚಿ ಬೆವರಿ ತಲೆ ತಿರುಗಿ ವಾಲಿದ. ಸೂಜಿಗಳನ್ನು ತಕ್ಷಣ ತೆಗೆದು, ಮಲಗಿಸಿ ಕಾಲು ಎತ್ತಿ ಹಿಡಿದೆವು, ಎರಡು ನಿಮಿಷದಲ್ಲಿ ಸರಿಹೋದ. ಆವತ್ತಿನಿಂದ ಹೊಸಬರನ್ನು ಮಲಗಿಸಿಯೇ ಚಿಕಿತ್ಸೆ ಮಾಡುತ್ತೇನೆ. ಇಂಥ ಹೊತ್ತಿನಲ್ಲಿ ನೀವಿದ್ದಿದ್ದರೆ ಕೈ ನಡುಗುತ್ತಿರಲಿಲ್ಲ, ನಮಗೆಲ್ಲ ನಡುಗಿತ್ತು.

ಪ್ರಶ್ನೆ ಕೇಳಿದವರು

ಮೂವರಿಗೂ ಧನ್ಯವಾದ. ಚಿಕಿತ್ಸಕಿ ಮೇಡಂ, ಇನ್ನೊಂದು ಪ್ರಶ್ನೆ ಇದೆ. ನನ್ನ ಈಗಿನ ಅನುಭವ ಈ ಕಲಿಕೆಯಲ್ಲಿ ಉಪಯೋಗಕ್ಕೆ ಬರುತ್ತದೆಯೇ, ಅಥವಾ ಎಲ್ಲವನ್ನೂ ಪಕ್ಕಕ್ಕಿಟ್ಟು ಸೊನ್ನೆಯಿಂದ ಆರಂಭಿಸಬೇಕೇ? ಪ್ರವೇಶಕ್ಕೆ ಇನ್ನೂ ನಾಲ್ಕು ತಿಂಗಳಿದೆ. ಅಲ್ಲಿಯವರೆಗೆ ಏನು ಮಾಡಲಿ?

ಉತ್ತರ 2ರ ಚಿಕಿತ್ಸಕಿ

ಪಕ್ಕಕ್ಕಿಡುವುದು ಏನೂ ಇಲ್ಲ. ಕ್ಯಾನ್ಸರ್ ರೋಗಿಗೆ ಸೂಜಿ ಇಡುವ ಮುನ್ನ ಪ್ಲೇಟ್‌ಲೆಟ್ ಎಷ್ಟಿದೆ, ಬಿಳಿ ರಕ್ತಕಣ ಎಷ್ಟಿದೆ ಎಂದು ನೋಡಬೇಕು. ತೀರಾ ಇಳಿದಿದ್ದರೆ ಆ ದಿನ ಸೂಜಿ ಬೇಡ, ಮಣಿಕಟ್ಟಿನ ಬಿಂದುವನ್ನು ಬೆರಳಿನಿಂದ ಒತ್ತಬಹುದು. ಕಂಕುಳಿನ ದುಗ್ಧಗ್ರಂಥಿ ತೆಗೆದು ಊದಿಕೊಂಡ ತೋಳಿಗೆ ಚುಚ್ಚಬಾರದು. ಗಡ್ಡೆ ಇರುವ ಜಾಗಕ್ಕೂ ಬೇಡ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದಾರೆಯೇ ಎಂದು ಕೇಳಬೇಕು. ಹೃದಯಕ್ಕೆ ಪೇಸ್‌ಮೇಕರ್ ಇದ್ದರೆ ಸೂಜಿಗೆ ವಿದ್ಯುತ್ ಜೋಡಿಸುವ ವಿಧಾನ ಬೇಡ. ನನಗೆ ಇದೆಲ್ಲ ತಲೆಗೆ ಹತ್ತಲು ವರ್ಷಗಳು ಬೇಕಾದವು. ನೀವು ಆ ವರದಿಗಳನ್ನು ದಿನಕ್ಕೆ ಹತ್ತು ಓದುತ್ತೀರಿ.

ನಿಮ್ಮ ವಾರ್ಡಿನಲ್ಲೇ ಕೆಲಸವಿದೆ. ಸ್ತನ ಕ್ಯಾನ್ಸರ್‌ಗೆ, ಈಸ್ಟ್ರೊಜನ್ ತಯಾರಿಸುವ ಅರೊಮಟೇಸ್ ಎಂಬ ಕಿಣ್ವವನ್ನು ತಡೆಯುವ ಮಾತ್ರೆ ನುಂಗುವವರಲ್ಲಿ ಹಲವರಿಗೆ ಕೀಲುಗಳು ನೋಯುತ್ತವೆ, ಕೆಲವರು ಆ ಕಾರಣಕ್ಕೇ ಮಾತ್ರೆ ಬಿಡುತ್ತಾರೆ. 2018ರಲ್ಲಿ 226 ಮಹಿಳೆಯರ ಅಧ್ಯಯನವೊಂದು ಪ್ರಕಟವಾಯಿತು. ಅದರಲ್ಲಿ ಆರು ವಾರಗಳ ಕೊನೆಗೆ ಅಕ್ಯುಪಂಕ್ಚರ್ ಪಡೆದವರ ನೋವು ತೋರಿಕೆಯ ಸೂಜಿ ಪಡೆದವರಿಗಿಂತಲೂ ಚಿಕಿತ್ಸೆಯಿಲ್ಲದೆ ಸರದಿಗಾಗಿ ಕಾದಿದ್ದವರಿಗಿಂತಲೂ ಹೆಚ್ಚು ಇಳಿದಿತ್ತು. ವ್ಯತ್ಯಾಸ ದೊಡ್ಡದಲ್ಲ. ಆದರೆ ಆ ಸಣ್ಣ ವ್ಯತ್ಯಾಸದಿಂದ ಒಬ್ಬ ಹೆಂಗಸು ಮಾತ್ರೆಯನ್ನು ಬಿಡದೆ ಮುಂದುವರಿಸಿದರೆ, ಅಷ್ಟಕ್ಕಾಗಿ ಎರಡು ಸಾವಿರದ ಐನೂರು ಗಂಟೆ ಕುಳಿತು ಕಲಿಯಬಹುದು ಎಂದೇ ನನ್ನ ಭಾವನೆ.

ನಾಲ್ಕು ತಿಂಗಳಲ್ಲಿ ಪುಸ್ತಕ ಕೊಳ್ಳಬೇಡಿ. ರಾತ್ರಿ ಮಲಗುವ ಮುನ್ನ ದೀಪ ಆರಿಸಿ, ನಿಮ್ಮ ಕಾಲಿನಲ್ಲಿ ಝುಸಾನ್‌ಲಿಯನ್ನು ಬೆರಳಿನಿಂದ ಹುಡುಕಿ, ಪೆನ್ನಿನಿಂದ ಗುರುತಿಡಿ. ಬೆಳಿಗ್ಗೆ ಎದ್ದು ಅಳೆದು ನೋಡಿ. ಹದಿನೈದು ದಿನ ಎಡಗಾಲು, ಹದಿನೈದು ದಿನ ಬಲಗಾಲು. ಆಮೇಲೆ ಮನೆಯವರೊಬ್ಬರ ಕಾಲು. ಜೊತೆಗೆ, ನಿಮ್ಮ ವಾರ್ಡಿಗೆ ಬರುವ ಆ ತಜ್ಞೆಯನ್ನು ಕೇಳಿ, ಬಿಡುವಿನ ದಿನ ಬದಿಯಲ್ಲಿ ಕುಳಿತು ನೋಡಬಹುದೇ ಎಂದು. ಅವರು ಸೂಜಿ ಇಡುವುದನ್ನಷ್ಟೇ ನೋಡಬೇಡಿ. ಯಾರಿಗೆ ಇಡದೆ ಕಳುಹಿಸುತ್ತಾರೆ ಎಂದು ಬರೆದುಕೊಳ್ಳಿ.

ಪ್ರಶ್ನೆ ಕೇಳಿದವರು

ನಿನ್ನೆ ಕೇಳಿದೆ. ಗುರುವಾರ ಬಾ ಎಂದಿದ್ದಾರೆ, ಒಂದು ಖಾಲಿ ನೋಟ್‌ಪುಸ್ತಕವನ್ನೂ ತರಲು ಹೇಳಿದ್ದಾರೆ. ರಾತ್ರಿ ಎಡಗಾಲಿನಲ್ಲಿ ಗುರುತಿಟ್ಟು ಬೆಳಿಗ್ಗೆ ಅಳೆದೆ. ಅರ್ಧ ಬೆರಳು ಕೆಳಗಿತ್ತು.